ಹಳ್ಳಿಯ ಮನೆಗೆ ತಂಪು, ಬಿಸುಪು: ವೆಚ್ಚವೂ ಆರೋಗ್ಯವೂ

ಉದ್ಯೋಗನಿಮಿತ್ತ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ವೃದ್ಧ ತಂದೆತಾಯಿಗಳು ಇಂದಿಗೂ ಊರಿನ ಮನೆಯಲ್ಲೇ ವಾಸವಾಗಿದ್ದಾರೆ. ಬೇಸಗೆ ಬಂತೆಂದರೆ ಮಕ್ಕಳ ಮನಸ್ಸು ಅತ್ತ ಹರಿಯುತ್ತದೆ. ಕಲಬುರಗಿ, ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ವಾಡಿಕೆ. ಒಂದು ಏರ್ ಕಂಡೀಷನರ್ ಹಾಕಿಸಿಬಿಟ್ಟರೆ ಕರ್ತವ್ಯ ಮುಗಿಯಿತೆಂಬ ಭಾವನೆ ಆಗ ಸಹಜವಾಗಿ ಮೂಡುತ್ತದೆ. ಆದರೆ ಯಂತ್ರದ ಬೆಲೆ ಬೇರೆ, ತಂಪಿನ ಬೆಲೆ ಬೇರೆ. ಈ ಭೇದವನ್ನರಿಯದೆ ಮಾಡಿದ ವೆಚ್ಚ ಎಷ್ಟೋ ವೇಳೆ ಹಿರಿಯರ ನೆರವಿಗೆ ಬರುವುದಿಲ್ಲ.

ಶರೀರ ಮತ್ತು ಸೆಕೆ

ಮಾನವನ ಒಳಮೈಯ ಉಷ್ಣತೆ ಸುಮಾರು 37 ಡಿಗ್ರಿ. ಚರ್ಮದ ಉಷ್ಣತೆ ಸೆಕೆಯಲ್ಲಿ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ ಇದಕ್ಕಿಂತ ಬಿಸಿಯಾದಾಗ ಶರೀರಕ್ಕೆ ಉಳಿಯುವ ಉಪಾಯ ಬೆವರು ಆರುವುದೊಂದೇ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಬೆವರುವ ಶಕ್ತಿಯೂ ಕುಂದುತ್ತವೆ. ರಕ್ತದೊತ್ತಡಕ್ಕಾಗಿ ಸೇವಿಸುವ ಕೆಲವು ಔಷಧಗಳು ಮೂತ್ರವನ್ನು ಹೆಚ್ಚಿಸಿ ನೀರಿನಂಶವನ್ನು ಇನ್ನಷ್ಟು ಇಳಿಸುತ್ತವೆ. ಕೋಣೆಯ ಉಷ್ಣತೆ 40 ಡಿಗ್ರಿಯನ್ನು ಮೀರಿದಾಗ ಫ್ಯಾನಿನ ಗಾಳಿ ಮೈಯನ್ನು ತಣಿಸುವ ಬದಲು ಕಾಯಿಸುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದೇ ಲೇಸು. ಮಾತು ತೊದಲುವುದು, ಮಂಕು ಕವಿಯುವುದು, ಮೈ ಬೆಂಕಿಯಂತೆ ಸುಡುವುದು ಉಷ್ಣಾಘಾತದ ಲಕ್ಷಣಗಳು. ರೋಗಿಯನ್ನು ನೆರಳಿಗೆ ಸಾಗಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ವೆಚ್ಚದ ಲೆಕ್ಕ

ಒಂದೂವರೆ ಟನ್ನಿನ ಇನ್ವರ್ಟರ್ ಮಾದರಿಯ ಯಂತ್ರಕ್ಕೆ ಸುಮಾರು 35ರಿಂದ 45 ಸಾವಿರ ರೂಪಾಯಿ ಬೀಳುತ್ತದೆ. ಇದು ಆರಂಭ ಮಾತ್ರ. ಹಳ್ಳಿಯ ಹಳೆಯ ಮನೆಗಳ ತಂತಿಗಳು ನಾಲ್ಕಾರು ದೀಪ, ಎರಡು ಫ್ಯಾನುಗಳಿಗೆಂದು ಎಳೆದವು. ಮೀಟರಿನಿಂದ ಕೋಣೆಯವರೆಗೆ ಪ್ರತ್ಯೇಕವಾದ ದಪ್ಪ ತಾಮ್ರದ ತಂತಿ, ಸರಿಯಾದ ಅರ್ಥಿಂಗ್, ವೋಲ್ಟೇಜಿನ ಏರಿಳಿತಕ್ಕೆ ಸ್ಟೆಬಿಲೈಸರ್, ವಿದ್ಯುತ್ ಕಂಪನಿಯಲ್ಲಿ ಮಂಜೂರಾದ ಲೋಡಿನ ಹೆಚ್ಚಳ, ಇವೆಲ್ಲವೂ ಅವಶ್ಯ. ಲೋಡು ಹೆಚ್ಚಿದರೆ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ. ಯಂತ್ರ ಕೆಟ್ಟರೆ ರಿಪೇರಿಯವನು ತಾಲ್ಲೂಕು ಪಟ್ಟಣದಿಂದ ಬರಬೇಕು.

ನಿಜವಾದ ಹೊರೆಯಾದರೋ ಪ್ರತಿ ತಿಂಗಳದು. ಯಂತ್ರ ಗಂಟೆಗೆ ಸರಾಸರಿ 1 ಯೂನಿಟ್ ಬಳಸಿದರೂ ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 240 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ತೆರಬೇಕಾಗುತ್ತದೆ. ಮನೆಯ ಉಳಿದ ಬಳಕೆ 60 ಯೂನಿಟ್ ಎಂದಿಟ್ಟುಕೊಂಡರೆ ಒಟ್ಟು 300. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ 1,800 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. ಅದುವರೆಗೆ ಸೊನ್ನೆಯ ಬಿಲ್ಲು ಕಂಡ ತಾಯಿ ಈ ಬಿಲ್ಲನ್ನು ಕಂಡ ಮರುದಿನವೇ ಯಂತ್ರವನ್ನು ಆರಿಸಿ, "ಮಗ ಬಂದಾಗ ಹಚ್ಚಿದರಾಯಿತು" ಎಂದು ಮುಸುಕು ಹೊದಿಸಿಬಿಡುವುದು ಅಪರೂಪವೇನಲ್ಲ. ಮಗನ ಹಣವೂ ವ್ಯಯವಾಯಿತು, ತಾಯಿಯ ಸೆಕೆಯೂ ಹೋಗಲಿಲ್ಲ.

ಮೊದಲು ಸೂರು, ಅನಂತರ ಯಂತ್ರ

ಹಿಂದಿನವರ ಮಣ್ಣಿನ ಮಾಳಿಗೆ, ದಪ್ಪ ಗೋಡೆಗಳು ಹಗಲಿನ ಬಿಸಿಯನ್ನು ಒಳಗೆ ಬಿಡದೆ ತಡೆಯುತ್ತಿದ್ದವು. ಪಟ್ಟಣದಿಂದ ಬಂದ ಹಣದಲ್ಲಿ ಅವನ್ನು ಕೆಡವಿ ಕಟ್ಟಿದ ಆರ್.ಸಿ.ಸಿ. ಮನೆಯ ತಾರಸಿ ಹಗಲೆಲ್ಲ ಕಾದು ರಾತ್ರಿಯೆಲ್ಲ ಆ ಕಾವನ್ನು ಒಳಗೆ ಸೂಸುತ್ತದೆ. ತಗಡಿನ ಸೂರಂತೂ ನೇರವಾಗಿ ಸುಡುತ್ತದೆ. ಆದುದರಿಂದ ಮೊದಲ ವೆಚ್ಚ ಸೂರಿಗೇ ಸಲ್ಲಬೇಕು. ಯುಗಾದಿಯ ಹೊತ್ತಿಗೆ ತಾರಸಿಗೆ ಎರಡು ಮೂರು ಕೈ ಬಿಳಿ ಸುಣ್ಣ ಬಳಿಸಿದರೆ ಬಿಸಿಲಿನ ಬಹುಭಾಗ ಹಿಂದಿರುಗಿ ಹೋಗುತ್ತದೆ. ಒಳಗಿನ ಉಷ್ಣತೆ 2ರಿಂದ 5 ಡಿಗ್ರಿಯವರೆಗೆ ತಗ್ಗಬಹುದು. ಖರ್ಚು ಕೆಲವೇ ಸಾವಿರ ರೂಪಾಯಿ. ಈ ತತ್ತ್ವವನ್ನೇ ಆಧರಿಸಿ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಸೂರಿನ ನೀತಿಯನ್ನು ರೂಪಿಸಿತು. ಪಶ್ಚಿಮದ ಕಿಟಕಿಗೆ ಚಪ್ಪರ, ಹಗಲು ಮುಚ್ಚಿ ಇರುಳು ತೆರೆಯುವ ಕಿಟಕಿ, ಅಂಗಳದಲ್ಲೊಂದು ಬೇವಿನ ಮರ ಇವಕ್ಕೆ ಪೂರಕ.

ಅನಂತರ ಊರಿಗೆ ತಕ್ಕ ಸಾಧನ. ಒಣಹವೆಯ ಬಯಲುಸೀಮೆಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಏರ್ ಕಂಡೀಷನರ್ ಬಳಸುವ ವಿದ್ಯುತ್ತಿನ ಸಣ್ಣ ಭಾಗವಷ್ಟೇ ಅದಕ್ಕೆ ಸಾಕು. ಅದಕ್ಕೆ ತೆರೆದ ಕಿಟಕಿ ಬೇಕು. ಸೊಳ್ಳೆ ಹುಟ್ಟದಂತೆ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ತೊಳೆಯಬೇಕು. ತೇವದ ಗಾಳಿಯ ಕರಾವಳಿಯಲ್ಲಿ ಕೂಲರ್ ನಿರುಪಯುಕ್ತ. ಅಲ್ಲಿ ಗಾಳಿಯ ಸಂಚಾರ, ಫ್ಯಾನುಗಳೇ ಗತಿ. ಸಾಮಾನ್ಯ ಫ್ಯಾನಿಗೆ 75 ವ್ಯಾಟ್ ಬೇಕಾದರೆ ಹೊಸ ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ಹೃದ್ರೋಗಿಗಳು, ಹಾಸಿಗೆ ಹಿಡಿದವರು ಇರುವ ಮನೆಯಲ್ಲಿ ಏರ್ ಕಂಡೀಷನರ್ ಅವಶ್ಯವಾಗಬಹುದು. ಆಗ ಒಂದೇ ಕೋಣೆಯನ್ನು ಸಂದುಗೊಂದುಗಳಿಲ್ಲದಂತೆ ಭದ್ರಪಡಿಸಿ, 26 ಡಿಗ್ರಿಗೆ ಇಟ್ಟು, ಜೊತೆಗೆ ಫ್ಯಾನು ಹಾಕಿಕೊಂಡರೆ ಹಿತವೂ ಮಿತವೂ ಆಗುತ್ತದೆ.

ಚಳಿಗಾಲದ ಎಚ್ಚರಿಕೆ

ಮಲೆನಾಡು, ಕೊಡಗಿನ ಚಳಿಗೆ ಕಂಬಳಿ, ಬಿಸಿನೀರುಗಳೇ ಬಹುಮಟ್ಟಿಗೆ ಸಾಕು. ಇಪ್ಪತ್ತು ಲೀಟರಿನ ಬಕೆಟ್ಟು ನೀರನ್ನು 20 ಡಿಗ್ರಿಯಷ್ಟು ಕಾಯಿಸಲು ಅರ್ಧ ಯೂನಿಟ್ ವಿದ್ಯುತ್ ಬೇಕು. ಅಡಿಕೆಸಿಪ್ಪೆಯ ಒಲೆಯಿರುವಲ್ಲಿ ಅದೂ ಬೇಡ. ಆದರೆ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಪ್ರಾಣಾಪಾಯಕರ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ರೆಯಲ್ಲಿಯೇ ಕೊಲ್ಲುತ್ತದೆ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ನಾಣ್ನುಡಿ. ದೂರದ ಮಕ್ಕಳು ಯಂತ್ರ ಕೊಳ್ಳುವ ಮುನ್ನ ಸೂರನ್ನು ನೋಡಲಿ, ತಂತಿಯನ್ನು ನೋಡಲಿ. ಕೊಂಡರೆ ಬೇಸಗೆಯ ಮೂರು ತಿಂಗಳ ಬಿಲ್ಲಿನ ಹಣವನ್ನೂ ಮುಂಗಡವಾಗಿಯೇ ತಾಯಿಯ ಕೈಯಲ್ಲಿಡಲಿ. ಆಗ ಮಾತ್ರ ಆ ಯಂತ್ರದ ಮುಸುಕು ತೆರೆದೀತು.