ಪ್ರಯಾಣದಲ್ಲಿ ಹೊಟ್ಟೆ ಕೆಟ್ಟರೆ

ಪ್ರಶ್ನೆ: ಕಾಶಿಗೆ ರೈಲಿನಲ್ಲಿ ಹೊರಟಿದ್ದೇವೆ. ಹೋದ ಸಲದ ಯಾತ್ರೆಯಲ್ಲಿ ಬೆಳಿಗ್ಗೆ ಕಲಸಿದ ಚಿತ್ರಾನ್ನವನ್ನು ರಾತ್ರಿ ತಿಂದವರಿಗೆಲ್ಲ ವಾಂತಿಯಾಯಿತು. ಹಳಸಿದ ವಾಸನೆ ಚೂರೂ ಇರಲಿಲ್ಲ. ಬುತ್ತಿ ಕಟ್ಟುವುದೇ ತಪ್ಪೇ?
(ಗೃಹಿಣಿ, ದಾವಣಗೆರೆ)

ಉತ್ತರ: ಬುತ್ತಿ ತಪ್ಪಲ್ಲಮ್ಮ, ಅನ್ನವನ್ನು ಅಷ್ಟು ಹೊತ್ತು ಇಟ್ಟದ್ದು ತಪ್ಪು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಬಿಸಿ ಅನ್ನವನ್ನು ಡಬ್ಬಿಗೆ ಒತ್ತಿ ತುಂಬಿದರೆ ಅದು ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯುತ್ತದೆ. ಆಗ ಅವು ಬೆಳೆದು ವಿಷ ಬಿಡುತ್ತವೆ. ಅದು ಮೂಗಿಗೆ ತಿಳಿಯದು, ಮತ್ತೆ ಬಿಸಿ ಮಾಡಿದರೂ ಹೋಗದು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ.

ಕಲಸಿದ ಅನ್ನವನ್ನು ಮೊದಲ ಊಟಕ್ಕೇ ಮುಗಿಸಿ. ಆಮೇಲಿನದಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ, ಕೋಡುಬಳೆ ಇರಲಿ. ಹಸಿ ಕಾಯಿ ಹಾಕಿದ್ದು ಬೇಡ. ಸ್ಯಾನಿಟೈಸರಿಗೆ ಕೆಲವು ವೈರಸ್‌ಗಳು ಬಗ್ಗುವುದಿಲ್ಲ, ಆದ್ದರಿಂದ ಊಟಕ್ಕೆ ಮುಂಚೆ ಸೋಪು ಹಚ್ಚಿಯೇ ಕೈ ತೊಳೆಯಿರಿ. ಸೀಲ್ ಒಡೆಯದ ಬಾಟಲಿ ನೀರನ್ನೇ ಕುಡಿದು, ಇಳಿದಲ್ಲಿ ಐಸ್ ಹಾಕಿದ ಕಬ್ಬಿನಹಾಲು ಕುಡಿದರೆ ಪಥ್ಯವೆಲ್ಲ ವ್ಯರ್ಥ.

ಪ್ರಶ್ನೆ: ಬಸ್ಸಿನಲ್ಲಿ ನನ್ನ ನಾಲ್ಕು ವರ್ಷದ ಮಗನಿಗೆ ಭೇದಿ ಶುರುವಾಯಿತು. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಕಲಸಿ ಕೊಟ್ಟೆ, ಉಗುಳಿದ. ಅಂಗಡಿಯಲ್ಲಿ ಸಿಗುವ ಕಿತ್ತಳೆ ರುಚಿಯ ಟೆಟ್ರಾ ಪ್ಯಾಕ್ ಕೊಟ್ಟರೆ ಗಟಗಟ ಕುಡಿದ. ಅದೂ ಆಗುತ್ತದಲ್ಲವೇ?
(ತಾಯಿ, ಮೈಸೂರು)

ಉತ್ತರ: ಉಗುಳಿದ್ದೇ ಒಳ್ಳೆಯದಾಯಿತು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಅಳೆದದ್ದು. ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟಾಗುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಕೂಡ ಬರಬಹುದು. ಪ್ರಯಾಣಕ್ಕೆ 200 ಮಿ.ಲೀ. ನೀರಿನ ಚಿಕ್ಕ ಪೊಟ್ಟಣಗಳೇ ಅನುಕೂಲ.

ಭೇದಿಯಲ್ಲಿ ಮಗುವನ್ನು ಸೋಲಿಸುವುದು ಮೈಯಿಂದ ಹೋಗುವ ನೀರು ಮತ್ತು ಉಪ್ಪು. ಕರುಳು ಉಪ್ಪನ್ನೂ ಗ್ಲೂಕೋಸನ್ನೂ ಜೊತೆಜೊತೆಗೆ ಒಳಗೆಳೆಯುತ್ತದೆ, ನೀರು ಅವನ್ನು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಇಂಥ ದ್ರಾವಣ ಕುಡಿಸಿಯೇ ಸಾವಿರಾರು ಜನರನ್ನು ಉಳಿಸಿದರು. ಈಗಿನ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ ಇರುತ್ತದೆ. ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು. ಅದು ಕರುಳಿಗೇ ನೀರೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಸೂತ್ರಕ್ಕೆ ಹೊಂದದ ಪಾನೀಯದ ಮೇಲೆ ‘ಓಆರ್‌ಎಸ್’ ಎಂದು ಅಚ್ಚು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿದ್ದೂ ಇದಕ್ಕೇ.

ಪ್ರತಿ ಸಲ ಭೇದಿಯಾದ ಮೇಲೆ ಅವನಿಗೆ 100ರಿಂದ 200 ಮಿ.ಲೀ. ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಗಂಜಿ, ಮೊಸರನ್ನ, ಬಾಳೆಹಣ್ಣು ಕೊಡಬಹುದು, ಉಪವಾಸ ಕೆಡವಬೇಡಿ.

ಪ್ರಶ್ನೆ: ಗೋವಾದಿಂದ ಬರುವಾಗ ಹೊಟ್ಟೆ ಕೆಟ್ಟಿತು. ಮೆಡಿಕಲ್ ಶಾಪಿನವರು ಎರಡು ಬಗೆಯ ಮಾತ್ರೆ ಕೊಟ್ಟರು, ಸಂಜೆಗೆ ನಿಂತಿತು. ಇನ್ನು ಮುಂದೆ ಬ್ಯಾಗಿನಲ್ಲೇ ಇಟ್ಟುಕೊಳ್ಳಲೇ?
(ವಿದ್ಯಾರ್ಥಿ, ಕಲಬುರಗಿ)

ಉತ್ತರ: ಒಂದು ಲೋಪರಮೈಡ್, ಇನ್ನೊಂದು ಆ್ಯಂಟಿಬಯಾಟಿಕ್ ಇದ್ದೀತು. ಲೋಪರಮೈಡ್ ಕರುಳಿನ ಓಟವನ್ನು ತಗ್ಗಿಸುತ್ತದಷ್ಟೆ, ರೋಗಾಣುವನ್ನು ಕೊಲ್ಲುವುದಿಲ್ಲ. ಜ್ವರವಿಲ್ಲದ, ಮಲದಲ್ಲಿ ರಕ್ತ ಕಾಣದ ವಯಸ್ಕರು ರಾತ್ರಿಯ ಬಸ್ಸಿಗಾಗಿ ತೆಗೆದುಕೊಳ್ಳಬಹುದು. ಜ್ವರ ಅಥವಾ ರಕ್ತ ಇದ್ದರೆ ಅದು ಅಪಾಯ, ಮಕ್ಕಳಿಗಂತೂ ಕೂಡದು. ಆ್ಯಂಟಿಬಯಾಟಿಕ್ ಅನ್ನು ಡಾಕ್ಟರು ಬರೆದುಕೊಟ್ಟರೆ ಮಾತ್ರ ನುಂಗಿ. ಇಂಥ ಭೇದಿ ಬಹುಪಾಲು ಮೂರರಿಂದ ಐದು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಬ್ಯಾಗಿನಲ್ಲಿ ಮೊದಲ ಜಾಗ ಓಆರ್‌ಎಸ್‌ಗೆ ಕೊಡಪ್ಪ.

ಪ್ರಶ್ನೆ: ಸಕ್ಕರೆ ಕಾಯಿಲೆ, ಬಿಪಿ ಎರಡೂ ಇರುವ ತಂದೆಯವರನ್ನು ಕೇದಾರಕ್ಕೆ ಕರೆದೊಯ್ಯುತ್ತಿದ್ದೇನೆ. ಅವರು ಓಆರ್‌ಎಸ್ ಕುಡಿಯಬಹುದೇ?
(ಬ್ಯಾಂಕ್ ಉದ್ಯೋಗಿ, ಹಾಸನ)

ಉತ್ತರ: ಭೇದಿಯಾದರೆ ಕುಡಿಯಲೇಬೇಕು, ಸಕ್ಕರೆ ಆಗಾಗ ಪರೀಕ್ಷಿಸುತ್ತಿರಿ. ಮೈ ಒಣಗಿದಾಗ ಮೆಟ್‌ಫಾರ್ಮಿನ್, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೊಂದರೆ ಕೊಡಬಹುದು. ಯಾವುದನ್ನು ನಿಲ್ಲಿಸಬೇಕೆಂದು ಹೊರಡುವ ಮುಂಚೆಯೇ ಅವರ ಡಾಕ್ಟರಿಂದ ಬರೆಸಿಕೊಳ್ಳಿ. ಇನ್ಸುಲಿನ್ ಇದ್ದರೆ ತಾವಾಗಿ ಬಿಡಬಾರದು. ಕೇದಾರದ ಎತ್ತರ ಸುಮಾರು 3,580 ಮೀಟರ್, ಅಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಮೂರು ನಿಮಿಷ ಕೊತಕೊತ ಕುದಿಸಿ.

ಆರು ಗಂಟೆ ಮೂತ್ರ ಬಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ತೀವ್ರ ಜ್ವರ ಅಥವಾ ಮಂಪರು ಬಂದರೆ ಯಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಅವರ ಔಷಧಿ ಚೀಟಿಯ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಅಲ್ಲಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.