ಮಾರ್ಕಿಗೆ ತಕ್ಕ ಸಂಬಳ ಅಂದರೆ ನಾನೇನು ಮಾಡಲಿ?

ಪ್ರಶ್ನೆ: ಅಕ್ಕಾ, ನಾನು ಸೇಲಂನ ಖಾಸಗಿ ಶಾಲೆಯೊಂದರಲ್ಲಿ ಮೂರನೇ ಕ್ಲಾಸಿನ ಟೀಚರ್. ಜೂನ್‌ನಿಂದ ನಮ್ಮ ಇನ್‌ಕ್ರಿಮೆಂಟ್ ಮಕ್ಕಳ ವಾರ್ಷಿಕ ಪರೀಕ್ಷೆಯ ಮಾರ್ಕಿನ ಮೇಲೆ ಎಂದು ಆಡಳಿತದವರು ಹೇಳಿದ್ದಾರೆ. ಕ್ಲಾಸಿನಲ್ಲಿ ನಮ್ಮ ಹಾಗೆ ದೇವಾಂಗರ ಮನೆಯ ಮಕ್ಕಳೂ ಇದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕ ಇಂಗ್ಲಿಷಿನದು. ಮಗ್ಗ ನೇಯುವ ಅಣ್ಣ, "ನಮಗೆ ಸೀರೆ ಲೆಕ್ಕದಲ್ಲೇ ಕೂಲಿ, ನಿಮಗೆ ಯಾಕಾಗಬಾರದು?" ಅನ್ನುತ್ತಾನೆ. ಉತ್ತರ ಹೊಳೆಯಲಿಲ್ಲ. ಓದಲು ತಡವರಿಸುವ ಮಗುವನ್ನು ಕಂಡರೆ ಈಗಲೇ ಸಿಡುಕುತ್ತಿದ್ದೇನೆ. ಅದೇ ಭಯ.
— ಒಬ್ಬ ಟೀಚರ್, ಸೇಲಂ

ಉತ್ತರ: ತಂಗೀ, ಅಣ್ಣನ ಮಾತು ಒರಟಾದರೂ ತಳ್ಳಿಹಾಕುವಂಥದ್ದಲ್ಲ. ಜೀವ ತೇಯ್ದು ಕಲಿಸುವವರಿಗೂ ಕುರ್ಚಿ ಬಿಟ್ಟೇಳದವರಿಗೂ ಒಂದೇ ಸಂಬಳ ಎಂದರೆ ಮೊದಲು ನೋಯುವವರು ನಿಮ್ಮಂಥವರೇ. ಆದರೆ ಅಣ್ಣನಿಗೆ ನೂಲನ್ನು ತೂಗಿ ಕೊಡುತ್ತಾರೆ. ನಿಮ್ಮ ಕ್ಲಾಸಿಗೆ ಬರುವ ಮಗು ಎಷ್ಟು ಕಲಿತು ಬಂದಿದೆ ಎಂದು ಜೂನ್‌ನಲ್ಲಿ ತೂಗುವವರಿಲ್ಲ, ಏಪ್ರಿಲ್‌ನಲ್ಲಿ ಮಾತ್ರ ತಕ್ಕಡಿ ಹಿಡಿದು ಬರುತ್ತಾರೆ. ಜಗಳ ಮಾಡುವುದಾದರೆ ಇದಕ್ಕೆ ಮಾಡಿ.

ನಮ್ಮ ಸೀಮೆಗೆ ಇದು ಹೊಸದೇನಲ್ಲ. ಧರ್ಮಪುರಿ, ಹೊಸೂರು ಎಲ್ಲ ಇನ್ನೂ ಸೇಲಂ ಜಿಲ್ಲೆಯೇ ಆಗಿದ್ದ ಕಾಲದಲ್ಲಿ, 1860ರ ದಶಕದ ಕೊನೆಯಿಂದ, ಮದ್ರಾಸ್ ಪ್ರೆಸಿಡೆನ್ಸಿಯ ಪ್ರಾಥಮಿಕ ಶಾಲೆಗಳಿಗೆ ಫಲಿತಾಂಶ ನೋಡಿ ಗ್ರಾಂಟು ಕೊಡುವ ಪದ್ಧತಿ ಇತ್ತು. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಕೇಳುವುದು. ಪಾಸಾದ ಮಕ್ಕಳಿಗೆ ತಲೆಯೆಣಿಸಿ ಹಣ. ಇಂಗ್ಲೆಂಡಿನಲ್ಲಿ 1862ರಲ್ಲಿ ಬಂದ ನಿಯಮದ ಮಾದರಿ ಅದು. ಅಲ್ಲಿ ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್‌ನೇ ಅದನ್ನು ವಿರೋಧಿಸಿದ. ವೈಸರಾಯ್ ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯದ ಹೊತ್ತಿಗೆ ಇಲ್ಲಿನ ಸರ್ಕಾರಕ್ಕೂ ಅದು ಬೇಡವಾಗಿತ್ತು.

ಹಾಗೆಂದು ಫಲ ಕಂಡದ್ದೇ ಇಲ್ಲ ಎನ್ನಲಾರೆ. 2005ರಿಂದ ಆಂಧ್ರದ ಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದನ್ನು ಪ್ರಯೋಗಿಸಿ ನೋಡಿದರು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆಗಿತ್ತು. ಸಂಬಳಕ್ಕೆ ಅವರು ಕೈಹಾಕಲಿಲ್ಲ, ಅದರ ಮೇಲೆ ಬೋನಸ್ ಕೊಟ್ಟರು. ಅದೂ ಸರಾಸರಿ ವರ್ಷದ ಸಂಬಳದ ಶೇ. 3ರಷ್ಟು. ವರ್ಷದ ಮೊದಲಿಗೊಮ್ಮೆ, ಕೊನೆಗೊಮ್ಮೆ ಹೊರಗಿನವರಿಂದ ಪರೀಕ್ಷೆ ಮಾಡಿಸಿ, ಮಗು ಏರಿದ ಮೆಟ್ಟಿಲಿಗಷ್ಟೇ ಹಣ. ದಡ್ಡರೆನಿಸಿಕೊಂಡವರನ್ನು ಪರೀಕ್ಷೆಯ ದಿನ ಮನೆಯಲ್ಲೇ ಉಳಿಸುವ ಉಪಾಯವೂ ನಡೆಯುತ್ತಿರಲಿಲ್ಲ, ಬಾರದ ಮಗುವಿನ ಲೆಕ್ಕದಲ್ಲಿ ಇಳಿಕೆ ಹಿಡಿಯುತ್ತಿದ್ದರು. ಎರಡು ವರ್ಷದಲ್ಲಿ ಗಣಿತ, ಭಾಷೆ ಎರಡರಲ್ಲೂ ಆ ಮಕ್ಕಳು ಬೋನಸ್ ಇಲ್ಲದ ಶಾಲೆಗಳ ಮಕ್ಕಳನ್ನು ಹಿಂದೆ ಹಾಕಿದರು. ಬೋನಸ್ಸಿಗೆ ಸಂಬಂಧವೇ ಇಲ್ಲದ ವಿಜ್ಞಾನದಲ್ಲೂ ಮುಂದಿದ್ದರು. ತಮಾಷೆಯೆಂದರೆ ಮೇಷ್ಟ್ರುಗಳ ಗೈರುಹಾಜರಿ ತಗ್ಗಲಿಲ್ಲ. ಬಂದ ದಿನ ಹೆಚ್ಚು ಕಲಿಸಿದರು, ಅಷ್ಟೇ. ಆದರೆ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಣಿತದ ಶಿಕ್ಷಕರಿಗೆ 15,000 ಡಾಲರ್‌ವರೆಗೆ ಆಸೆ ತೋರಿಸಿದರೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಣ ಎಷ್ಟು ಎನ್ನುವುದಕ್ಕಿಂತ ಏನನ್ನು, ಎಲ್ಲಿಂದ ಅಳೆಯುತ್ತಾರೆ ಎನ್ನುವುದನ್ನೇ ನಾನು ಮೊದಲು ಕೇಳುತ್ತೇನೆ.

ನಿಮ್ಮ ಆಡಳಿತದವರು ಹೇಳುತ್ತಿರುವುದು ಆಂಧ್ರದ್ದಲ್ಲ, ಹಳೆಯ ಇನ್‌ಸ್ಪೆಕ್ಟರನ ಲೆಕ್ಕ. ಸಹೋದ್ಯೋಗಿಗಳ ಜೊತೆ ಹೋಗಿ ಬರಹದಲ್ಲಿ ಕೇಳಿ: ಈಗ ಸಿಗುವ ಇನ್‌ಕ್ರಿಮೆಂಟಿಗೆ ಕತ್ತರಿ ಬೇಡ, ಕೊಡುವುದಿದ್ದರೆ ಮೇಲೆ ಕೊಡಿ. ಜೂನ್‌ನಲ್ಲೇ ಒಂದು ಪರೀಕ್ಷೆ ಇಡಿ. ಪ್ರಶ್ನೆಪತ್ರಿಕೆಯನ್ನೂ ತಿದ್ದುವುದನ್ನೂ ಆಯಾ ಕ್ಲಾಸಿನ ಟೀಚರಿಗೆ ಬಿಡಬೇಡಿ. ಒಬ್ಬರೇ ಕೇಳಿದರೆ ಗೊಣಗು ಎನಿಸಿಕೊಳ್ಳುತ್ತದೆ, ನಾಲ್ಕು ಜನ ಸಹಿ ಹಾಕಿದರೆ ಅರ್ಜಿ.

ಸಿಡುಕಿನ ಬಗ್ಗೆ. ಅದು ಮಗುವಿನ ಮೇಲಿನದಲ್ಲ, ಸಂಬಳದ ಭಯ. ಆದರೆ ಮಗುವಿಗೆ ಅದು ಗೊತ್ತಾಗುವುದಿಲ್ಲ. ತಡವರಿಸುವ ಮಗುವಿಗೆ ಅರ್ಥವಾಗದ್ದನ್ನು ಕನ್ನಡದಲ್ಲೇ ಒಮ್ಮೆ ಹೇಳಿ. ಆ ಕ್ಲಾಸಿನಲ್ಲಿ ಅದು ನಿಮ್ಮಿಂದ ಮಾತ್ರ ಆಗುವ ಕೆಲಸ. ಆಡಳಿತದವರು ಪರೀಕ್ಷೆ ಇಡದಿದ್ದರೂ ಶಾಲೆ ತೆರೆದ ಮೊದಲ ವಾರ ಪ್ರತಿ ಮಗುವಿನಿಂದಲೂ ಎರಡನೇ ಕ್ಲಾಸಿನ ಒಂದು ಪುಟ ಓದಿಸಿ, ಎಲ್ಲೆಲ್ಲಿ ನಿಂತಿತು ಎಂದು ತಾರೀಕು ಹಾಕಿ ಬರೆದಿಡಿ. ದಸರಾ ರಜೆಗೆ ಮೊದಲು ಮತ್ತೊಮ್ಮೆ ಓದಿಸಿ. ಏಪ್ರಿಲ್‌ನಲ್ಲಿ ಆಡಳಿತದವರ ಮುಂದೆ ಕೂತಾಗ ನಿಮ್ಮ ಬಳಿಯೂ ಒಂದು ಲೆಕ್ಕ ಇರುತ್ತದೆ.