ಪೋಕರ್ ಕಲಿಯೋಣ, ಬೆಂಕಿಕಡ್ಡಿ ಇಟ್ಕೊಂಡು

ಎಲ್ಲಕ್ಕಿಂತ ಹೆಚ್ಚು ಆಡೋದು ಟೆಕ್ಸಾಸ್ ಹೋಲ್ಡೆಮ್. ಅದರಿಂದಲೇ ಶುರು ಮಾಡೋಣ. ಒಬ್ಬೊಬ್ಬರಿಗೂ ಎರಡು ಎಲೆ, ಗುಟ್ಟಾಗಿ. ಆಮೇಲೆ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ನಂತರ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಯಾರ ಐದು ಎಲೆ ಚೆನ್ನಾಗಿದೆಯೋ ಅವರಿಗೆ ಪಾಟ್. ಎಲೆ ಹಂಚಿದಾಗ ಒಮ್ಮೆ, ಆಮೇಲೆ ಪ್ರತಿ ಸಲ ಎಲೆ ಬಿಚ್ಚಿದಾಗಲೂ ಬೆಟ್ ನಡೆಯುತ್ತೆ. ಎದುರಿನವರು ಬೆಟ್ ಹಾಕಿದರೆ ಅಷ್ಟೇ ಹಾಕಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಕೂರಬಹುದು.

ತೀನ್ ಪತ್ತಿ ಆಡಿ ಬಂದವರು ಎಡವೋದು ಒಂದು ಕಡೆ. ಅಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು. ಪೋಕರ್‌ನಲ್ಲಿ ಉಲ್ಟಾ, ಒಂದೇ ಜಾತಿಯ ಐದು ಎಲೆ, ಅಂದರೆ ಫ್ಲಶ್, ಸ್ಟ್ರೈಟ್ ಅನ್ನು ಸೋಲಿಸುತ್ತೆ. ಕಾರಣ ಬರೀ ಎಣಿಕೆ. ಐದೆಲೆಯಲ್ಲಿ ಫ್ಲಶ್ 5,108 ರೀತಿ, ಸ್ಟ್ರೈಟ್ 10,200 ರೀತಿ ಬರಬಹುದು. ಮೂರೆಲೆಯಲ್ಲಿ ಕಲರ್ 1,096, ಸೀಕ್ವೆನ್ಸ್ 720. ನಂಬಿಕೆ ಇಲ್ಲದಿದ್ರೆ ಕೂತು ಲೆಕ್ಕ ಹಾಕಿ, ಪ್ರಾಬಬಿಲಿಟಿ ಪೇಪರ್‌ಗೂ ಆಗುತ್ತೆ.

ಈಗ ಮುಖ್ಯ ವಿಷಯ. ನಿಮ್ಮ ಕೈಯಲ್ಲಿ ಎರಡು ಆಟಿನ್. ಮೇಜಿನ ಮೇಲೆ ನಾಲ್ಕು ಎಲೆ, ಅದರಲ್ಲೂ ಎರಡು ಆಟಿನ್. ಇನ್ನೊಂದು ಬಂದರೆ ಫ್ಲಶ್. ಕಾಣದ ಎಲೆ 46, ಅದರಲ್ಲಿ ಆಟಿನ್ 9. ಅಂದರೆ ಸುಮಾರು 19.6%. ಪಾಟ್‌ನಲ್ಲಿ 100 ಕಡ್ಡಿ ಇದೆ, ಎದುರಿನವನು 50 ಹಾಕಿದ. ನೀವು 50 ಹಾಕಿದರೆ ಪಾಟ್ 200, ನಿಮ್ಮ ಪಾಲು ಅದರ 25%. ಫ್ಲಶ್ ಬರುವ ಸಾಧ್ಯತೆ ಅದಕ್ಕಿಂತ ಕಮ್ಮಿ, ಹಾಗಾಗಿ ಎಲೆ ಕೆಳಗಿಡಿ. ಅವನು 20 ಮಾತ್ರ ಹಾಕಿದ್ದರೆ? 140ರಲ್ಲಿ 20, ಸುಮಾರು 14%. ಆಗ ಧಾರಾಳವಾಗಿ ಆಡಿ.

ಈ ಲೆಕ್ಕದಲ್ಲಿ ನೀವು ಮೊದಲೇ ಎಷ್ಟು ಹಾಕಿದ್ದೀರಿ ಅನ್ನೋದು ಎಲ್ಲೂ ಬರಲಿಲ್ಲ, ಗಮನಿಸಿದ್ರಾ? ನನಗೆ ಅದು ಅರ್ಥವಾಗಿದ್ದು ತಡವಾಗಿ. ಸೆಕೆಂಡ್ ಇಯರ್‌ನಲ್ಲಿ ಕಡ್ಡಿ ಹೋಗಿ ನೋಟು ಬಂದಾಗ, ‘ಇಷ್ಟು ಹಾಕಿದ್ದೀನಲ್ಲ, ಈಗ ಬಿಡೋದಾ’ ಅಂತ ಅಂತಲೇ ಒಂದೇ ರಾತ್ರಿ ಮೆಸ್ ಬಿಲ್ಲಿನ ದುಡ್ಡು ಕಳಕೊಂಡೆ. ಅಮ್ಮನಿಗೆ ಪುಸ್ತಕ ತಗೋಬೇಕು ಅಂತ ಸುಳ್ಳು ಹೇಳಿ ಮತ್ತೆ ತರಿಸಿಕೊಂಡೆ. ಅದನ್ನ ಇನ್ನೂ ಹೇಳಿಲ್ಲ.

ಫೋನಿನಲ್ಲಿ ದುಡ್ಡಿಟ್ಟು ಆಡೋ ಯೋಚನೆ ಇದ್ದರೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅಂಥ ಆಟಗಳನ್ನೇ ನಿಷೇಧಿಸಿದೆ. ನಮ್ಮ ರೂಮಲ್ಲಿ ಈಗ ಮತ್ತೆ ಬೆಂಕಿಕಡ್ಡಿ. ಭಾನುವಾರ ಊಟ ಆದ್ಮೇಲೆ ಬನ್ನಿ, ಒಂದೊಂದು ಪೊಟ್ಟಣ ನೀವೇ ತನ್ನಿ.